ಬರದ ವರ್ಷಕ್ಕೆಂದು ಇಟ್ಟದ್ದು
(ಹಲವಾಗಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಜಾತ್ರೆ. ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರ್ಣಿಕ ಕೇಳಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ಮುಂಗಾರು ಹೇಗೆ, ಬೆಳೆ ಹೇಗೆ, ಸರ್ಕಾರ ಉಳಿಯುತ್ತದೋ ಉರುಳುತ್ತದೋ ಎಂದು ಅದರಲ್ಲಿ ಅರ್ಥ ಹುಡುಕುತ್ತ ಮನೆಗೆ ಹೋಗುತ್ತಾರೆ. ಆದರೆ ಜಾತ್ರೆಗೂ ಮುಂಚೆ ಒಂದು ಕೆಲಸ ನಡೆದಿರುತ್ತದೆ. ಅಷ್ಟು ಜನಕ್ಕೆ ಮೀಯಲು, ಕುಡಿಯಲು ತುಂಗಭದ್ರಾ ಹೊಳೆಯಲ್ಲಿ ನೀರಿರಬೇಕಲ್ಲ, ಅದಕ್ಕೆ ಭದ್ರಾ ಜಲಾಶಯದಿಂದ ನೀರು ಬಿಡಿಸುತ್ತಾರೆ. ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಕೂಡ್ಲಿಯಲ್ಲಿ ತುಂಗೆಯ ಜೊತೆ ಸೇರಿ, ಹೊನ್ನಾಳಿ, ಹರಿಹರ ದಾಟಿ, ಇದೇ ಹಲವಾಗಲಿನ ಮಗ್ಗುಲಲ್ಲಿ ಹಾದು ಮೈಲಾರ ಮುಟ್ಟಬೇಕು. ದಾರಿಯಲ್ಲಿ ದಡದ ಪಂಪ್‌ಸೆಟ್‌ಗಳು ಎಳೆದುಕೊಳ್ಳದಂತೆ ಕಾವಲು ಬೇರೆ. ಮುಂದಿನ ಮಳೆಯ ಮಾತು ಕೇಳಲು ಬಂದವರು ಕಾಲಿಡುವ ಆ ನೀರು ಹಿಂದಿನ ಮಳೆಗಾಲದಲ್ಲಿ ಬೇರೆ ಜಿಲ್ಲೆಯ ಕಾಡಿನ ಮೇಲೆ ಬಿದ್ದದ್ದು. ಹಿಡಿದಿಟ್ಟದ್ದು ಅಣೆಕಟ್ಟು, ಹರಿಸಿದ್ದು ಒಂದು ಕಚೇರಿಯ ಆದೇಶ.

ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಕಾಡು, ಮಳೆ, ಅಣೆಕಟ್ಟು, ಕಚೇರಿ, ಕರೆಂಟು, ದೇವರು, ಪಂಪ್‌ಸೆಟ್ಟು ಎಲ್ಲವೂ ಒಂದರ ಕೈ ಇನ್ನೊಂದು ಹಿಡಿದು ನಿಂತಿರುವುದು ನಮ್ಮ ಭಾಗದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಹೇಳಿದೆ. ಪರಿಸರದ ಬಗ್ಗೆ ಭಾಷಣವೆಂದರೆ ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ ಎನ್ನುವಲ್ಲಿಗೆ ಮುಗಿಯುವ ರೂಢಿ ಇದೆ. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಈ ಐದು ತಾಲೂಕುಗಳ ಬದುಕಿಗೆ ಒಂದು ಕೆಟ್ಟ ವರ್ಷವನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚುತ್ತಿದೆಯೇ, ಕಡಿಮೆಯಾಗುತ್ತಿದೆಯೇ? ಇಳುವರಿ ಹೆಚ್ಚಿದೆ, ರಸ್ತೆ ಬಂದಿದೆ, ಕೆರೆಗೆ ಪೈಪ್‌ಲೈನ್ ಬಂದಿದೆ. ತಾಳಿಕೆ ಮಾತ್ರ ಕಡಿಮೆಯಾಗುತ್ತಿದೆ ಎಂಬುದು ನನ್ನ ವಾದ. ಕಡಿಮೆಯಾದದ್ದು ನಮಗೆ ಕಾಣದಿರುವುದಕ್ಕೆ ಕಾರಣವೂ ಇದೆ: ನಿರ್ಧಾರ ಒಂದು ಕಡೆ, ಅದರ ಪರಿಣಾಮ ಇನ್ನೊಂದು ಕಡೆ, ಅದೂ ಹತ್ತಿಪ್ಪತ್ತು ವರ್ಷ ತಡವಾಗಿ.

ಹಿಂದೆ ಎಲ್ಲ ಚೆನ್ನಾಗಿತ್ತು ಎಂದು ಯಾರೂ ತಿಳಿಯಬೇಡಿ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಸುಮಾರು ಐದರಲ್ಲಿ ಒಂದು ಪಾಲು ಜನರನ್ನು ಕಳೆದುಕೊಂಡಿತು. 1871ರ ಎಣಿಕೆಯನ್ನೂ 1881ರ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟರೆ ಹಳ್ಳಿಗಳು ಬಯಲಾದದ್ದು ಅಂಕಿಗಳಲ್ಲೇ ಕಾಣುತ್ತದೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಇಂಥ ನೆಲದಲ್ಲಿ ಬರ ಬರುವುದಿಲ್ಲ ಎಂದುಕೊಂಡು ಯಾರೂ ಬೇಸಾಯ ಮಾಡಲಿಲ್ಲ. ಬಂದೇ ಬರುತ್ತದೆ ಎಂದುಕೊಂಡೇ ಮಾಡಿದರು.

ಹಗೇವು ನೆನಪಿರುವ ಹಿರಿಯರು ಇಲ್ಲಿ ಇರಬಹುದು. ಮನೆ ಮುಂದೆ, ಓಣಿಯಲ್ಲಿ, ನೆಲದೊಳಗೆ ತೋಡಿ, ಸುತ್ತ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಎಳೆದರೆ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಒಳಗಿಳಿದರೆ ಉಸಿರು ಕಟ್ಟಿ ಸಾಯುವಷ್ಟು ಗಾಳಿ ಕೆಟ್ಟಿರುತ್ತಿತ್ತು. ಹುಳ ಬದುಕದಿರುವುದಕ್ಕೂ ಅದೇ ಕಾರಣ. ಜೋಳದ ಬೆಳೆಯೆಂದರೆ ಕಾಳು ಮನುಷ್ಯನಿಗೆ, ಸೊಪ್ಪೆ ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದಿ. ಮಸಾರಿ ಹೊಲದಲ್ಲಿ ಸಜ್ಜೆ, ನವಣೆ, ಆಮೇಲೆ ಶೇಂಗಾ. ಬೇಸಿಗೆಯಲ್ಲಿ ಕುರಿಗಾಹಿ ಬಂದು ಹೊಲದಲ್ಲಿ ಕುರಿ ತರುಬುತ್ತಿದ್ದ. ಹೊಲದ ಗೊಬ್ಬರಕ್ಕೆ ಬದಲಾಗಿ ಅವನಿಗೆ ಕಾಳು ಸಿಗುತ್ತಿತ್ತು. ಎಕರೆಗೆ ಬರುತ್ತಿದ್ದ ಇಳುವರಿ ಇಂದಿನವರಿಗೆ ನಗು ತರಿಸೀತು. ಆದರೆ ಒಂದು ವರ್ಷ ಕೆಟ್ಟರೆ ಹಗೇವು, ಎರಡನೆಯದೂ ಕೆಟ್ಟರೆ ದನ, ಮೂರನೆಯದೂ ಕೆಟ್ಟರೆ ಗುಳೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಲು ಅವಕಾಶವಿತ್ತು. ಧಾತು ಬರದಲ್ಲಿ ಆ ಮೆಟ್ಟಿಲುಗಳೆಲ್ಲ ಮುಗಿದು ಹೋದವು.

ಇವತ್ತು ಹರಪನಹಳ್ಳಿಯಿಂದ ಹೊರಟರೆ ಕಣ್ಣು ಹಾಯುವವರೆಗೆ ಮೆಕ್ಕೆಜೋಳ. ಇದಕ್ಕೆ ರೈತನನ್ನು ದೂರುವ ಪರಿಸರವಾದಿಗಳನ್ನು ಕಂಡರೆ ನನಗೆ ಸಿಟ್ಟು. 2025-26ರ ಬೆಂಬಲ ಬೆಲೆ ನೋಡಿ: ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,699 ರೂಪಾಯಿ, ಮೆಕ್ಕೆಜೋಳಕ್ಕೆ 2,400. ಕಾಗದದ ಮೇಲೆ ಜೋಳವೇ ಲಾಭ. ಹೊಲದಲ್ಲಿ ಹಾಗಲ್ಲ. ಮೆಕ್ಕೆಜೋಳದ ಇಳುವರಿ ಎಷ್ಟೋ ಪಾಲು ಹೆಚ್ಚು. ತೆನೆಗೆ ಸಿಪ್ಪೆಯ ಹೊದಿಕೆ ಇರುವುದರಿಂದ ಜೋಳಕ್ಕೆ ಮುತ್ತಿದಷ್ಟು ಹಕ್ಕಿ ಮುತ್ತುವುದಿಲ್ಲ. ಅಟ್ಟಣಿಗೆ ಕಟ್ಟಿ ಕವಣೆ ಬೀಸುತ್ತ ಕೂರಲು ಈಗ ಯಾವ ಮನೆಯಲ್ಲಿ ಹುಡುಗರಿದ್ದಾರೆ? ಅವರು ಶಾಲೆಯಲ್ಲಿದ್ದಾರೆ, ಇರಬೇಕಾದದ್ದೂ ಅಲ್ಲೇ. ಮೆಕ್ಕೆಜೋಳಕ್ಕೆ ಯಂತ್ರ ಬರುತ್ತದೆ, ದಾವಣಗೆರೆಯ ಮಂಡಿಯಲ್ಲಿ ದುಡ್ಡು ಕೈಗೆ ಬರುತ್ತದೆ. ಶಾಲೆ, ಕೂಲಿ, ಯಂತ್ರ, ಮಂಡಿ ನಾಲ್ಕೂ ಒಂದೇ ದಿಕ್ಕಿಗೆ ತಳ್ಳಿದಾಗ ರೈತ ಆ ಕಡೆ ಸರಿದ, ಅಷ್ಟೆ.

ಸರಿದ ಮೇಲೆ ಏನಾಯಿತು ಎನ್ನುವುದು ನಿಧಾನವಾಗಿ ಗೊತ್ತಾಗುವ ಸಂಗತಿ. ಮೆಕ್ಕೆಜೋಳವನ್ನು ಬೆಳೆದವರು ತಿನ್ನುವುದಿಲ್ಲ. ಅದು ಕೋಳಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲ್‌ಗೆ. ಮನೆಯಲ್ಲಿ ಇಡುವ ಮಾಲಲ್ಲ, ಹಾಗಾಗಿ ಹಗೇವು ಮುಚ್ಚಿತು. ಜೋಳದ ಸೊಪ್ಪೆಯಷ್ಟು ಇದರ ದಂಟನ್ನು ದನ ಒಪ್ಪುವುದಿಲ್ಲ, ಹಾಗಾಗಿ ಬಣವೆ ಸಣ್ಣದಾಯಿತು, ಹಟ್ಟಿ ಖಾಲಿಯಾಯಿತು, ಟ್ರ್ಯಾಕ್ಟರ್ ಬಂತು. ತಿಪ್ಪೆ ಕರಗಿದ ಮೇಲೆ ಮಣ್ಣಿನ ಕಸುವು ಇಳಿಯಿತು. ಕಸುವಿಲ್ಲದ ಮಣ್ಣು ನೀರು ಹಿಡಿಯುವುದು ಕಡಿಮೆ. ಎರಡು ವಾರ ಮಳೆ ತಡವಾದರೆ ಹಿಂದೆ ಬಾಡುತ್ತಿದ್ದ ಬೆಳೆ ಈಗ ಒಣಗುತ್ತದೆ. ಆಗ ನಾವು ಹವಾಮಾನ ಬದಲಾಗಿದೆ ಎನ್ನುತ್ತೇವೆ. ಬದಲಾಗಿರುವುದು ನಿಜ. ಆದರೆ ಅದೇ ಹೊಲದಲ್ಲಿ ಮಣ್ಣೂ ಬದಲಾಗಿದೆ, ಮತ್ತು ಅದು ನಮ್ಮ ಕೈಯಲ್ಲಿತ್ತು.

2018ರಲ್ಲಿ ಇನ್ನೊಂದು ಪಾಠ ಬಂತು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತ್ತು. ಎರಡು ವರ್ಷಕ್ಕೆ ಭಾರತಕ್ಕೆ ಬಂತು. ದೇಶದಲ್ಲಿ ಮೊದಲು ಗುರುತಿಸಿದ್ದು ಕರ್ನಾಟಕದಲ್ಲೇ. ಸುಳಿಯೊಳಗೆ ಕೂತು ಮೇಯುವ ಆ ಹುಳುವಿಗೆ ಸಾಲುಸಾಲಾಗಿ ತಾಲೂಕುಗಟ್ಟಲೆ ಹಬ್ಬಿದ ಒಂದೇ ಬೆಳೆ ಎಂದರೆ ಹಬ್ಬದೂಟ. ಸಜ್ಜೆ, ನವಣೆ, ತೊಗರಿ, ಶೇಂಗಾ ಹೆಣೆದುಕೊಂಡ ಹೊಲಗಳಲ್ಲಿ ಒಂದು ಹುಳು ಒಂದು ಬೆಳೆಯನ್ನು ಕೆಡಿಸಬಹುದಿತ್ತು, ಊರನ್ನಲ್ಲ. ಕೆನಡಾದ ಪರಿಸರ ವಿಜ್ಞಾನಿ ಸಿ.ಎಸ್. ಹಾಲಿಂಗ್ 1973ರಲ್ಲಿ ಬರೆದ ಪ್ರಬಂಧದಲ್ಲಿ ಇದೇ ವಿಚಾರವಿದೆ: ಒಂದು ವ್ಯವಸ್ಥೆ ಏರುಪೇರಿಲ್ಲದೆ ನಡೆಯುತ್ತಿರುವುದು ಬೇರೆ, ಪೆಟ್ಟು ತಿಂದೂ ಉಳಿಯುವುದು ಬೇರೆ. ಮೊದಲನೆಯದನ್ನು ಹೆಚ್ಚಿಸಲು ಹೋಗಿ ಎರಡನೆಯದನ್ನು ಕಳೆದುಕೊಳ್ಳಬಹುದು. ಹಗೇವು ತೋಡಿದವರಿಗೆ ಈ ಪ್ರಬಂಧ ಓದುವ ಅಗತ್ಯವಿರಲಿಲ್ಲ ಬಿಡಿ.

ಈಗ ಹೊಳೆಯ ಕಡೆ ಬರೋಣ.

ಹಲವಾಗಲಿನಿಂದ ಹೊಳೆಯ ಮೇಲ್ಭಾಗಕ್ಕೆ, ಹರಿಹರದ ಎದುರು ದಡದಲ್ಲಿ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. ನೀಲಗಿರಿ ಮರದಿಂದ ತಿರುಳು ತೆಗೆದು ರೇಯಾನ್ ಬಟ್ಟೆಗೆ ಕಳಿಸುವ ಕೆಲಸ. ಸಾವಿರಾರು ಜನಕ್ಕೆ ಅನ್ನ ಕೊಟ್ಟಿತು, ಅದನ್ನು ಮರೆಯುವ ಹಾಗಿಲ್ಲ. ಹೊಳೆಗೆ ಬಿಟ್ಟ ನೀರಿನ ಬಗ್ಗೆ ಕೆಳಗಿನ ಊರುಗಳ ದೂರು ಬಹುಬೇಗ ಎದ್ದಿತು. 1984ರಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಅದು ಚಳವಳಿಯಾಯಿತು. ಅದೇ ವರ್ಷ ಧಾರವಾಡದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಮೀನುಗಾರ, ದಡದ ರೈತ, ನೀರು ಹೊರುವ ಹೆಂಗಸರು ಒಂದು ಕಡೆ ಸೇರಿದರು.

ನನಗೆ ಮುಖ್ಯವೆನಿಸುವುದು ಆಮೇಲಿನದು. ಕಾರ್ಖಾನೆಗೆ ಮರ ಬೇಕು. ಅದಕ್ಕಾಗಿ 1984ರಲ್ಲಿ ಸರ್ಕಾರ ಮತ್ತು ಕಂಪನಿ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆ ಮಾಡಿ, ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಜಮೀನನ್ನು ನೀಲಗಿರಿ ಬೆಳೆಸಲು ಗೊತ್ತುಮಾಡಿದವು. ಕಡತದಲ್ಲಿ ಅದು ಪಾಳು ಭೂಮಿ. ಊರವರಿಗೆ ಅದು ದನ ಮೇಯುವ ಬಯಲು, ಸೌದೆ, ಸೊಪ್ಪು. ಹೊಳೆಯ ನೀರು ಕೆಟ್ಟಿತೆಂದು ಎದ್ದ ಚಳವಳಿ ಹೊಳೆಯಿಂದ ಎಷ್ಟೋ ದೂರದ ಗೋಮಾಳಕ್ಕೆ ಹೋಗಿ ಮುಟ್ಟಿತು. ಯಾಕೆಂದರೆ ಮೀನಿನ ಸಾವೂ ಗೋಮಾಳದ ಬೇಲಿಯೂ ಒಂದೇ ಚಿಮಣಿಯ ಎರಡು ನೆರಳು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ಮಾರ್ಚ್‌ನಲ್ಲಿ ಯಥಾಸ್ಥಿತಿಯ ಆದೇಶ ಬಂತು. ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಎಂದು ಅದಕ್ಕೆ ಹೆಸರು. 1991ರಲ್ಲಿ ಪಲ್ಪ್‌ವುಡ್ಸ್ ಸಂಸ್ಥೆಯೇ ಮುಚ್ಚಿತು. ನೀರಿಗೆ ಒಂದು ಇಲಾಖೆ, ಕಾಡಿಗೆ ಒಂದು, ಕೈಗಾರಿಕೆಗೆ ಒಂದು ಎಂದು ಹರಿದು ಹಂಚಿದ್ದನ್ನು ಹಳ್ಳಿಯವರು ಒಂದಾಗಿ ಕಂಡ ಘಟನೆ ಇದು. ಕಾಲೇಜಿನ ಹುಡುಗರಿಗೆ ಸ್ವಾತಂತ್ರ್ಯ ಹೋರಾಟದ ಪಾಠದ ಪಕ್ಕದಲ್ಲೇ ಇದನ್ನೂ ಕಲಿಸಬೇಕು ಎಂದು ನನ್ನ ಆಸೆ.

ತುಂಗಭದ್ರಾ ಜಲಾಶಯದ ಮಾತು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. 1945ರಲ್ಲಿ ಶುರು, 1953ರಲ್ಲಿ ನೀರು ನಿಂತಿತು. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಊರುಗಳೂ ಹಿನ್ನೀರಿಗೆ ಹೋದವು. ನಾರಾಯಣದೇವರಕೆರೆ ಮುಳುಗಿ ಅಲ್ಲಿಯವರು ಮರಿಯಮ್ಮನಹಳ್ಳಿ ಕಟ್ಟಿದರು. ಕಾಲುವೆ ಮಾತ್ರ ನಮ್ಮ ಕಡೆಗೆ ಏರಲಿಲ್ಲ, ನೀರು ಕೆಳಕ್ಕೇ ಹರಿಯುವುದು. 133 ಟಿಎಂಸಿ ಹಿಡಿಯಬೇಕಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸು ಹಿಡಿಯುತ್ತದೆ. ಆ ಹೂಳಿನಲ್ಲಿ ಬದುವಿಲ್ಲದ ನಮ್ಮ ಮಸಾರಿ ಹೊಲಗಳ ಮಣ್ಣೂ ಇದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರು ಒಂದು ಸರಪಳಿಯ ಕೊಂಡಿಗೆ ನೇತುಬಿದ್ದಿದ್ದು ಎಲ್ಲರಿಗೂ ಅರಿವಾಯಿತು.

ಮನುಷ್ಯ ಎಳೆದ ಗೆರೆಗಳ ಮಹಿಮೆಯೂ ಒಂದಿಷ್ಟಿದೆ. ಹರಪನಹಳ್ಳಿ 1953ರವರೆಗೆ ಮದ್ರಾಸ್ ಪ್ರಾಂತ್ಯ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಈ ಓಡಾಟದಲ್ಲಿ ಸಂವಿಧಾನದ 371(ಜೆ) ವಿಧಿ ಈ ಹಿಂದುಳಿದ ಭಾಗಕ್ಕೆ ಕೊಟ್ಟ ವಿಶೇಷ ಸವಲತ್ತು ಕೆಲವು ವರ್ಷ ಕೈತಪ್ಪಿತ್ತು. ಹೊಳೆ ಮಾತ್ರ ಅಲ್ಲೇ ಹರಿಯುತ್ತಿದೆ. ಎದುರು ದಡ ಹಾವೇರಿ ಜಿಲ್ಲೆ, ಮೇಲಿನದು ದಾವಣಗೆರೆ. ಹೊಳೆಯ ಮರಳು ಯಾರ ಗಡಿಯದು ಎಂದು ಎರಡು ಜಿಲ್ಲೆಯ ಅಧಿಕಾರಿಗಳು ನಕ್ಷೆ ಬಿಚ್ಚುವಷ್ಟರಲ್ಲಿ ಲಾರಿ ದಾಟಿರುತ್ತದೆ. ಮರಳು ಹೋದ ಮೇಲೆ ಹೊಳೆಯ ಪಾತ್ರ ಇಳಿಯುತ್ತದೆ, ದಡದ ಬಾವಿಯ ನೀರೂ ಜೊತೆಗೆ ಇಳಿಯುತ್ತದೆ.

ಇನ್ನು ಕೆರೆಗಳು. ಇಂದಿನ ಮಾತಿನ ತಿರುಳು ಇಲ್ಲಿದೆ.

ವಿಜಯನಗರದ ಕಾಲದಲ್ಲಿ ಈ ಭಾಗದ ಕೆರೆಗಳಿಗೆ ದಸವಂದದ ಏರ್ಪಾಡಿತ್ತು. ಕೆರೆ ಕಟ್ಟಿದವನಿಗೆ, ಏರಿ ಕಾಪಾಡಿದವನಿಗೆ ಅಚ್ಚುಕಟ್ಟಿನಲ್ಲಿ ಒಂದು ಪಾಲು ಮಾನ್ಯ. ತೂಬು ಎತ್ತುವವನು ನೀರುಗಂಟಿ. ಕೆರೆ ಅರ್ಧ ತುಂಬಿದರೆ ಎಷ್ಟು ಎಕರೆ ನೆಡಬೇಕು ಎಂಬುದನ್ನು ಅವನೂ ಹಿರಿಯರೂ ಕೂತು ಹೇಳುತ್ತಿದ್ದರು. ಅದರಲ್ಲಿ ಜಾತಿಯ ಪಕ್ಷಪಾತವಿತ್ತು, ಕೊನೆಯ ಹೊಲದವನಿಗೆ ಅನ್ಯಾಯವಿತ್ತು. ಆದರೆ ನೀರು ನೋಡಿ ಬೆಳೆ ಎಂಬ ಲೆಕ್ಕ ಇತ್ತು. ಆಮೇಲೆ 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಸಣ್ಣದು ಜಿಲ್ಲಾ ಪಂಚಾಯಿತಿಗೆ ಎಂದಾಯಿತು. ಕೆರೆ ಸರ್ಕಾರದ್ದಾಯಿತು, ಹೂಳು ಯಾರದ್ದೂ ಆಗಲಿಲ್ಲ. ಹೊಲಹೊಲಕ್ಕೆ ಬೋರು ಬಿತ್ತು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ. ನೆಲದೊಳಗಿನ ನೀರಿಗೆ ಬೆಲೆಯೂ ಇಲ್ಲ, ಎತ್ತುವುದಕ್ಕೂ ಬೆಲೆಯಿಲ್ಲ ಎಂದ ಮೇಲೆ ನಿಲ್ಲಿಸು ಎನ್ನುವವರು ಯಾರು? ಬೋರೇ ನಿಲ್ಲಿಸಬೇಕು. ನಿಲ್ಲಿಸಿತು ಕೂಡ.

ಆಗ ಬಂದದ್ದು ಹೊಳೆಯಿಂದ ಕೆರೆ ತುಂಬಿಸುವ ಯೋಜನೆಗಳು. ಜಗಳೂರಿನ 57 ಕೆರೆಗಳಿಗೆ ಹರಿಹರ ತಾಲೂಕಿನ ದೀಟೂರಿನಿಂದ, ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯಿಂದ, ನಮ್ಮ ಹರಪನಹಳ್ಳಿಯ ಕೆರೆಗಳಿಗೂ ಇದೇ ಹೊಳೆಯಿಂದ. ಮೇಲ್ಗಡೆ ಭದ್ರಾ ಮೇಲ್ದಂಡೆ ಯೋಜನೆ 29.9 ಟಿಎಂಸಿಯನ್ನು ಮಧ್ಯ ಕರ್ನಾಟಕಕ್ಕೆ ಒಯ್ಯಲಿದೆ. ಕೆರೆಗೆ ನೀರು ಬಂದ ದಿನ ಬಾಗಿನ ಬಿಟ್ಟವರ ಸಂತೋಷ ಸುಳ್ಳಲ್ಲ. ವರ್ಷಗಟ್ಟಲೆ ಒಣಗಿದ್ದ ಊರಿಗೆ ನೀರು ಬರುವುದನ್ನು ದಡದ ಊರಿನಲ್ಲಿ ಕೂತು ಟೀಕಿಸುವುದು ಸುಲಭ. ನಾನು ಈ ಯೋಜನೆಗಳ ವಿರೋಧಿಯಲ್ಲ.

ಆದರೆ ನೀರು ಬಂದ ಎರಡನೇ ವರ್ಷ ಏನಾಗುತ್ತದೆ ನೋಡಿ. ಕೆರೆ ಸುತ್ತಲಿನ ಸತ್ತ ಬೋರುಗಳು ಏಳುತ್ತವೆ. ಎದ್ದ ಬೋರಿನ ಪಕ್ಕ ಹೊಸ ಬೋರು ಬೀಳುತ್ತದೆ. ಮೂರನೇ ವರ್ಷ ಅಡಿಕೆ ಸಸಿ. ಚನ್ನಗಿರಿಯಿಂದ ಹೊರಟ ಅಡಿಕೆ ಜಗಳೂರು ದಾಟಿ ಹರಪನಹಳ್ಳಿಗೂ ಬಂದಿದೆ. ಮೆಕ್ಕೆಜೋಳ ಒಂದು ವರ್ಷ ಒಣಗಿದರೆ ಆ ವರ್ಷದ ಬೀಜ, ಗೊಬ್ಬರದ ದುಡ್ಡು ಹೋಗುತ್ತದೆ. ಅಡಿಕೆ ಒಂದು ಬೇಸಿಗೆ ಒಣಗಿದರೆ ಹಲವು ವರ್ಷದ ದುಡಿಮೆ ಹೋಗುತ್ತದೆ. ಹಾಗಾಗಿ ತೋಟ ಮಾಡಿದವನು ಮಳೆ ಬಾರದ ವರ್ಷ ಟ್ಯಾಂಕರಿನಲ್ಲಾದರೂ ನೀರು ಹಾಕಲೇಬೇಕು, ಇನ್ನೂ ಆಳಕ್ಕೆ ಕೊರೆಸಲೇಬೇಕು. ಆ ವರ್ಷವೇ ಹೊಳೆಯಲ್ಲೂ ನೀರಿರುವುದಿಲ್ಲ, ಯಾಕೆಂದರೆ ಮಲೆನಾಡಿನಲ್ಲಿ ಮಳೆ ಕೈಕೊಟ್ಟಿರುತ್ತದೆ. ಪಂಪು ಇರುತ್ತದೆ, ಪೈಪು ಇರುತ್ತದೆ, ಕೆರೆಯಿರುತ್ತದೆ, ಎತ್ತಲು ನೀರಿಲ್ಲ. ಹಿಂದೆ ಮಲೆನಾಡಿನ ಬರ ಬೇರೆ, ನಮ್ಮ ಬರ ಬೇರೆ. ಈಗ ಎರಡನ್ನೂ ಪೈಪಿನಿಂದ ಜೋಡಿಸಿದ್ದೇವೆ. ಬರದ ವರ್ಷಕ್ಕೆಂದು ತಂದ ನೀರು ಒಳ್ಳೆಯ ವರ್ಷದ ಬೆಳೆಯನ್ನು ಬದಲಿಸಿ, ಬರದ ವರ್ಷವನ್ನು ಇನ್ನಷ್ಟು ಕಠಿಣ ಮಾಡಿತು.

ಜನರೂ ಇದೇ ಜೋಡಣೆಯ ಭಾಗ. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಕಾಫಿ ಕೊಯ್ಲಿಗೆ ಚಿಕ್ಕಮಗಳೂರು, ಕೊಡಗಿಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುವವರಿದ್ದಾರೆ. ಅವರಿಗೆ ತೋಟವಿಲ್ಲ, ಬೋರಿಲ್ಲ. ಕೆರೆ ತುಂಬಿದರೆ ಅವರ ಪಾಲಿಗೆ ಬರುವುದು ಎಷ್ಟು ಎಂಬ ಪ್ರಶ್ನೆಯನ್ನು ಯಾವ ಯೋಜನಾ ವರದಿಯೂ ಮುಖ್ಯವಾಗಿ ಕೇಳಿದ್ದನ್ನು ನಾನು ನೋಡಿಲ್ಲ. ಅವರು ಊರಲ್ಲಿರುವ ತಿಂಗಳುಗಳಲ್ಲಿ ಗೋಮಾಳ, ಕೆರೆಯಂಗಳ, ಹೊಳೆದಂಡೆ ಅವರಿಗೆ ಆಸರೆ. ಅವೇ ಮೊದಲು ಒತ್ತುವರಿಯಾಗುವುದು.

ಇಷ್ಟು ಹೇಳಿ ಎದೆಗುಂದಿಸಲು ಬಂದಿಲ್ಲ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಗೆ ಹೋಗಿ ಬನ್ನಿ. ಊರವರು ಬೇಸಾಯಕ್ಕೆಂದು ಕಟ್ಟಿಕೊಂಡ ಕೆರೆ, 244 ಎಕರೆ. ಅದರೊಳಗೆ ಬೆಳೆದ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಗೂಡು ಕಟ್ಟುತ್ತವೆ. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ತಂಗುವ ತಾಣ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮನುಷ್ಯ ಕೈಯಿಟ್ಟಲ್ಲೆಲ್ಲ ಪ್ರಕೃತಿ ಹಾಳು ಎನ್ನುವವರಿಗೆ ಈ ಕೆರೆ ಉತ್ತರ. ಅದು ಮನುಷ್ಯ ಕಟ್ಟಿದ್ದು, ಮನುಷ್ಯ ಬಿಟ್ಟುಕೊಟ್ಟದ್ದು. ಕೆರೆಯೊಳಗಿನ ಮರ ಕಡಿದು ಜಾಗ ಮಾಡಿಕೊಳ್ಳೋಣ ಎಂದು ಊರು ಹೊರಟಿದ್ದರೆ ಅಲ್ಲಿ ಹಕ್ಕಿ ಇರುತ್ತಿರಲಿಲ್ಲ.

ಎಲಿನಾರ್ ಆಸ್ಟ್ರಮ್ ಎಂಬ ವಿದ್ವಾಂಸೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಊರೊಟ್ಟಿನ ಆಸ್ತಿ ಎಲ್ಲರದ್ದಾದ್ದರಿಂದಲೇ ಹಾಳಾಗುತ್ತದೆ ಎಂಬ ವಾದ ಹಿಂದೆ ಗಟ್ಟಿಯಾಗಿತ್ತು. ಆಕೆ ಊರೂರು ನೋಡಿ, ಬಳಸುವವರೇ ನಿಯಮ ಮಾಡಿ, ಬಳಸುವವರೇ ಕಾವಲು ಕಾದಲ್ಲಿ ಅಂಥ ಆಸ್ತಿ ಉಳಿದಿದೆ ಎಂದು ತೋರಿಸಿದರು. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ನಮ್ಮಂಥದ್ದೇ ಒಣ ಊರು. ಪ್ರತಿ ವರ್ಷ ಬಿದ್ದ ಮಳೆ ಅಳೆದು ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಹಾಕುತ್ತಾರೆ. ಕುಡಿಯಲು ಎಷ್ಟು, ದನಕ್ಕೆಷ್ಟು, ಉಳಿದದ್ದರಲ್ಲಿ ಯಾವ ಬೆಳೆ. ಬೇಸಾಯಕ್ಕೆ ಬೋರು ಕೊರೆಸುವಂತಿಲ್ಲ, ಕಬ್ಬು, ಬಾಳೆ ಇಲ್ಲ. ಊರೇ ಮಾಡಿಕೊಂಡ ಕಟ್ಟಳೆ.

ನಮ್ಮಲ್ಲಿ ಇದು ಸಾಧ್ಯವೇ ಎಂದು ಕೇಳುತ್ತೀರಿ. ಕಷ್ಟ. ಹಿವರೆ ಬಜಾರ್‌ನವರು ತಮ್ಮ ಮೇಲೆ ಬಿದ್ದ ಮಳೆಯ ಲೆಕ್ಕ ಹಾಕುತ್ತಾರೆ. ನಮ್ಮ ಕೆರೆಗೆ ಬರುವುದು ಹೊಳೆಯ ನೀರು, ಅದರ ಲೆಕ್ಕ ಲಕ್ಕವಳ್ಳಿಯಲ್ಲಿದೆ, ಹೊಸಪೇಟೆಯಲ್ಲಿದೆ, ಬೆಂಗಳೂರಿನಲ್ಲಿದೆ. ಆದ್ದರಿಂದ ಎರಡು ಲೆಕ್ಕ ಬೇಕು. ಹೊಳೆಯಲ್ಲಿ ಬೇಸಿಗೆಗೆ ಇಷ್ಟು ನೀರು ಉಳಿಯಲೇಬೇಕು, ಅದಕ್ಕಿಂತ ಕೆಳಗಿಳಿದರೆ ದಡದ ಯಾವ ಜಾಕ್‌ವೆಲ್ಲೂ (ನೀರೆತ್ತುವ ಬಾವಿ) ನೀರೆತ್ತಬಾರದು ಎಂಬುದು ಎರಡೂ ದಡದ ಜಿಲ್ಲೆಗಳು ಕೂತು ಮಾಡಬೇಕಾದ ಕಟ್ಟಳೆ. ಕೆರೆ ತುಂಬಿದ ಮೇಲೆ ಮೊದಲ ಪಾಲು ಕುಡಿಯುವುದಕ್ಕೆ, ದನಕ್ಕೆ, ಒಂದು ಪಾಲು ಕೆರೆಯಲ್ಲೇ, ಉಳಿದದ್ದಕ್ಕೆ ತಕ್ಕ ಬೆಳೆ ಎಂಬುದು ಊರ ಕಟ್ಟಳೆ. ಜೊತೆಗೆ ಪಡಿತರದಲ್ಲಿ ಜೋಳ, ನವಣೆ ಇಲ್ಲಿಯದೇ ಆದರೆ, ಖರೀದಿ ಕೇಂದ್ರ ಸುಗ್ಗಿಗೆ ಮುಂಚೆ ತೆರೆದರೆ, ರೈತ ಒಂದೆರಡು ಎಕರೆಯನ್ನಾದರೂ ಹೊಟ್ಟೆಗಾಗಿ ಬಿತ್ತುತ್ತಾನೆ. ಹಾಗೆ ಮಾಡು ಎಂದು ಬರಿ ಬಾಯಲ್ಲಿ ಹೇಳಿದರೆ ಬಿತ್ತುವುದಿಲ್ಲ, ಬಿತ್ತಬಾರದು ಕೂಡ.

ಈ ಊರ ಕಟ್ಟಳೆ ಮಾಡುವ ಗ್ರಾಮಸಭೆಯನ್ನು ಯಾವಾಗ ಕರೆಯಬೇಕು ಎಂಬುದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಎಲ್ಲ ಅದರ ಮೇಲೆ ನಿಂತಿದೆ. ಬರದ ವರ್ಷ ಕರೆದರೆ ಜಗಳವಾಗುತ್ತದೆ, ತೋಟವಿದ್ದವನು ತನ್ನ ಸಸಿಯ ಪರ ಮಾತಾಡುತ್ತಾನೆ, ಅದರಲ್ಲಿ ಅವನ ತಪ್ಪೂ ಇಲ್ಲ. ಕೆರೆಗೆ ಮೊದಲ ಸಲ ನೀರು ಬಂದ ವರ್ಷವೇ, ಇನ್ನೂ ಯಾರೂ ಅಡಿಕೆ ನೆಡದೆ ಇರುವಾಗಲೇ ಕರೆಯಬೇಕು. ಹರಪನಹಳ್ಳಿ, ಕೂಡ್ಲಿಗಿಯ ಎಷ್ಟೋ ಕೆರೆಗಳಿಗೆ ಆ ವರ್ಷ ಈಗ ನಡೆಯುತ್ತಿದೆ, ಇಲ್ಲವೇ ಮುಂದಿನದು.